ಕೊಂಕು

ಕೂದಲೂ ಕೊಂಕದ ಹಾಗೆ ಹೋಗಿ ಬಾ
ಎಂದು ಹರಸುತ್ತೇವಲ್ಲ ನಾವು,
ಆ ಮಾತು ಕಾರ್ಲಿಸಳ ತಲೆಗೆ ಹೊಂದುವುದಿಲ್ಲ.
ಹುಟ್ಟುತ್ತಲೇ ಕೊಂಕಿದ ಕೂದಲು ಅವಳದು,
ಬುಡದಿಂದಲೇ ಸುರುಳಿ, ಸುರುಳಿಯೊಳಗೆ ಮರಿಸುರುಳಿ,
ಎಳೆದರೆ ಮೊಳ, ಬಿಟ್ಟರೆ ಗೇಣು.

ಬಾಲ್ಟಿಮೋರಿನಲ್ಲಿ ಸಿಟಿ ಬಸ್ಸು ಓಡಿಸುತ್ತಾಳೆ.
ಬೆಳಗಿನ ಜಾವ ನಾಲ್ಕಕ್ಕೆ ಎದ್ದು
ಸ್ಯಾಟಿನ್ ಟೊಪ್ಪಿಗೆ ಕಳಚಿ
ನೀರು ಚಿಮುಕಿಸಿಕೊಳ್ಳುತ್ತಾಳೆ.
ಇಸ್ತ್ರಿಗೆ ಮುಂಚೆ ಅಂಗಿಗೆ ಚಿಮುಕಿಸಿದಂತೆ
ಅನ್ನಲು ಹೊರಟಿದ್ದೆ.
ಬೇಡ, ಇಸ್ತ್ರಿಯ ಮಾತು ಆ ಮನೆಯಲ್ಲಿ ಬೇಡ.

ಶನಿವಾರದ ರಾತ್ರಿಗಳಲ್ಲಿ ಒಲೆಯ ಮೇಲೆ
ಕಬ್ಬಿಣದ ಬಾಚಣಿಗೆ ಕಾಯುತ್ತಿತ್ತು.
"ಕಿವಿ ಹಿಡಿದುಕೋ" ಎನ್ನುವಳು ಅಜ್ಜಿ ಯೂಲಾ ಮೇ.
ತಪ್ಪು ಮಾಡಿದವಳ ಹಾಗೆ
ಕಿವಿ ಹಿಡಿದು ಕೂರುತ್ತಿದ್ದಳು ಹುಡುಗಿ,
ಏನು ತಪ್ಪೆಂದು ಯಾರೂ ಹೇಳದೆ.
ಚುರ್ ಎಂಬ ಸದ್ದು, ಸೀದ ಎಣ್ಣೆಯ ವಾಸನೆ,
ಭಾನುವಾರ ಚರ್ಚಿಗೆ ನೆಟ್ಟಗಿನ ತಲೆ,
ಹನಿ ಬಿದ್ದರೆ ಎದ್ದೆನೋ ಬಿದ್ದೆನೋ ಓಟ.

ಅಜ್ಜಿಯನ್ನು ದೂರಬೇಡಿ.
ನೆಟ್ಟಗಿದ್ದ ತಲೆಗಷ್ಟೇ ಬಾಗಿಲು ತೆರೆದ ಕಾಲದಲ್ಲಿ
ಐದು ಹೊಟ್ಟೆ ಹೊರೆದವಳು ಅವಳು.

ನಲವತ್ತಾರಕ್ಕೆ, ಒಂದು ಮಂಗಳವಾರ,
ಕೆಮಿಕಲ್ಲು ನೆಟ್ಟಗಾಗಿಸಿದ್ದ ಅಷ್ಟನ್ನೂ
ಕಾರ್ಲಿಸ್ ಸಿಂಕಿನ ಮೇಲೆ ಬಾಗಿ ಕತ್ತರಿಸಿದಳು.
ಸಿಂಕು ಕಟ್ಟಿಕೊಂಡಿತು.
ಪ್ಲಂಬರಿಗೆ ನೂರಾ ನಲವತ್ತು ಡಾಲರು.
ಬಿಡುಗಡೆಗೆ ಅಷ್ಟಾದರೂ ಬೇಡವೇ, ಎಂದು ನಕ್ಕಳು.
ಡಿಪೋದಲ್ಲಿ ಸೂಪರ್‌ವೈಸರ್ ಗೊಣಗಿದ,
"ಕ್ಯಾಪು ಕೂರುತ್ತಿಲ್ಲವಲ್ಲ."
"ಸೀಟಿಲ್ಲದಿದ್ದರೆ ನಿಲ್ಲಲಿ ಬಿಡಿ."

ಕೂಡಿಟ್ಟ ರಜೆ, ಮೊದಲ ಪಾಸ್‌ಪೋರ್ಟು.
ವಿಮಾನ ನಿಲ್ದಾಣದ ಗಾಜಿನ ಗೂಡಲ್ಲಿ ಕೈ ಎತ್ತಿ ನಿಂತಾಗ
ಪರದೆಯ ಗೊಂಬೆಯ ನೆತ್ತಿಯ ಮೇಲೆ ಹಳದಿ ಚೌಕ.
ಕೈಗವಸಿನ ಬೆರಳುಗಳು ತುರುಬನ್ನು ಒತ್ತಿ ಒತ್ತಿ ನೋಡಿದವು.
ಒಳಗೇನಿದೆ?
ತಲೆ, ಎಂದಳು.

ಊರೂರಿನ ನೀರಿನ ಗುಣ
ನಾಲಗೆಗಿಂತ ಮುಂಚೆ ಅವಳ ಕೂದಲಿಗೆ ತಿಳಿಯುತ್ತದೆ.
ಲಿಸ್ಬನ್ನಿನಲ್ಲಿ ಸುಣ್ಣ ಕದಡಿದಂಥ ನೀರು;
ಹೋಟೆಲಿನ ಹೆಬ್ಬೆರಳುದ್ದದ ಬಾಟಲಿ
"ಎಲ್ಲ ಬಗೆಯ ಕೂದಲಿಗೂ" ಎನ್ನುತ್ತಿತ್ತು,
ಇವಳದನ್ನು ಆ ಎಲ್ಲದರಲ್ಲಿ ಎಣಿಸಿರಲಿಲ್ಲ.
ಚೀಲದಿಂದ ಶಿಯಾ ಬೆಣ್ಣೆಯ ಡಬ್ಬಿ ತೆಗೆದಳು.

ಆಮೇಲೆ ಡಕಾರ್.
ಮಾರುಕಟ್ಟೆಯ ಹಿಂದಿನ ಓಣಿ, ನೀಲಿ ತಗಡಿನ ನೆರಳು,
ಕುಳ್ಳ ಸ್ಟೂಲಿನ ಮೇಲೆ ಕಾರ್ಲಿಸ್,
ಅವಳ ಭುಜದ ಎರಡು ಕಡೆ ಸೊಖ್ನಾಳ ಮೊಣಕಾಲು.
ಇಬ್ಬರಿಗೂ ಒಂದೇ ಭಾಷೆಯಿರಲಿಲ್ಲ.
ತಲೆ ಬಗ್ಗಿಸು ಅನ್ನಲು ಒಂದು ಬೆರಳು ಸಾಕಿತ್ತು.
ಹುಡುಗನೊಬ್ಬ ನೊರೆಯೆಬ್ಬಿಸಿ ಚಹಾ ಎರೆದು ಕೊಟ್ಟ,
ಮಧ್ಯಾಹ್ನ ಕಳೆಯಿತು, ಬಾಲ ಆಡಿಸುತ್ತ ಮೇಕೆಯೊಂದು
ಬಾಚಣಿಗೆಯ ಮೂಸಿ ಹೋಯಿತು.

ಎಡಗಿವಿಯ ಹಿಂದೆ ಬೆರಳು ನಿಂತಿತು.
ಅಲ್ಲಿ ಹಳೆಯ ಶನಿವಾರವೊಂದರ ಗಾಯ,
ಕೂದಲು ಬಾರದ ಗುಲಗಂಜಿಯಷ್ಟು ಜಾಗ.
ಸೊಖ್ನಾ ಕೇಳಲಿಲ್ಲ. ನಾಲಗೆಯಿಂದ ಲೊಚ್ ಎಂದಳು, ಅಷ್ಟೆ.
ಬೈತಲೆಯನ್ನು ಮೆಲ್ಲನೆ ಬಳಸಿ ಒಯ್ದಳು,
ಒಳ್ಳೆಯ ಡ್ರೈವರು
ಹಿಂದಿನ ಸೀಟಿನ ಮುದುಕಿಗೆ ತಿಳಿಯದಂತೆ
ಗುಂಡಿ ತಪ್ಪಿಸುವ ಹಾಗೆ.
ಆ ಕೆಲಸ ಕಾರ್ಲಿಸಳಿಗೆ ಗೊತ್ತಿತ್ತು.
ಕಣ್ಣು ತುಂಬಿದ್ದು ಬಿಗಿದ ಹೆಣಿಗೆಯ ನೋವಿಗೆ
ಎಂದುಕೊಂಡು ಜೊತೆಗಿದ್ದವರು
ಬೀಸಣಿಗೆ ಬೀಸಿದರು.

ಆರು ವಾರಕ್ಕೆ, ಮನೆಯಲ್ಲಿ,
ಒಂದೊಂದೇ ಜಡೆ ಬಿಚ್ಚಿದಳು.
ಮರಳಿನ ಕಣವೊಂದು ಇನ್ನೂ ಇತ್ತು.
ಕನ್ನಡಿಯಲ್ಲಿ ನೋಡಿಕೊಂಡಳು:
ಒಂದು ಕೂದಲೂ ಕೊಂಕದೆ ಉಳಿದಿರಲಿಲ್ಲ.
ಕ್ಷೇಮವಾಗಿದ್ದಳು.

ಮರುದಿನ ಐದನೆಯ ಸ್ಟಾಪಿನಲ್ಲಿ
ಹಲ್ಲು ಬಿದ್ದ ಹುಡುಗಿಯೊಬ್ಬಳು ಹತ್ತಿದಳು,
ಎರಡು ಕಪ್ಪು ಚೆಂಡು ತಲೆಯ ಮೇಲೆ.
"ನಿಂದು ಮುಟ್ಟಲಾ?"
"ಕೇಳಿದೆಯಲ್ಲ, ಜಾಣೆ.
ಬೇಡ. ನಿಂದು ಮುಟ್ಟಿ ನೋಡಿಕೋ, ಅಂಥದೇ.
ಕಂಬಿ ಹಿಡಿದುಕೋ ಈಗ,
ತಿರುವು ಬಂತು."